ಇನ್ನೂ ಹುಟ್ಟಿರದ ಕ್ಲೈಡ್ ಪರ್ವಿಸ್

ನವೆಂಬರ್ 14, 1998, ಶನಿವಾರ. ಡರ್ಹಮ್

ವೇಣು ಈ ವಾರವೂ ಬರಲಿಲ್ಲ. ಸ್ಟರ್ಲಿಂಗ್‌ನಿಂದ ಇಲ್ಲಿಗೆ ನಾಲ್ಕೂವರೆ ಗಂಟೆಯ ಡ್ರೈವ್. "ಸಪೋರ್ಟ್ ಡ್ಯೂಟಿ ಬಂತು ಶೈಲೂ, ಮುಂದಿನ ವಾರ ನೋಡೋಣ" ಅಂದ. ಮೂರು ವಾರದಿಂದ ಮುಂದಿನ ವಾರವೇ. ಮದುವೆಯಾಗಿ ಮೂರು ವರ್ಷ. ಒಂದೇ ಸೂರಿನಡಿ ಇದ್ದದ್ದು ಹನ್ನೊಂದು ತಿಂಗಳು. ಅವನ ಪ್ರಾಜೆಕ್ಟ್ ಅಲ್ಲಿ, ನನ್ನದು ಇಲ್ಲಿ. ವೀಸಾ ಕೊಟ್ಟ ಕಂಪನಿ ಎಲ್ಲಿ ನಿಲ್ಲು ಅನ್ನುತ್ತೋ ಅಲ್ಲಿ ನಿಲ್ಲಬೇಕು.

ಬೆಳಿಗ್ಗೆಯಿಂದ ಮೋಡ. ಲಾಂಡ್ರಿಗೆ ಹೋಗಿ ಬಂದೆ, ಅಷ್ಟೇ.

ಅಮ್ಮ ಫೋನಿನಲ್ಲಿ ನಿನ್ನ ಕೆಲಸ ಏನು ಅಂತ ಸರಿಯಾಗಿ ಹೇಳು, ಪಕ್ಕದ ಮನೆಯವರು ಕೇಳ್ತಾರೆ ಅಂದರು. ಕಂಪ್ಯೂಟರ್ ಅಂದೆ. ಹೇಗೆ ಹೇಳಲಿ? ನಮ್ಮ ಕಂಪನಿ ಕೆಲವು ರಾಜ್ಯಗಳಿಗೆ ಲೈಸೆನ್ಸ್ ದಾಖಲೆಗಳನ್ನು ಇಟ್ಟುಕೊಡುತ್ತೆ. ಮೀನು ಹಿಡಿಯೋಕೆ ಒಂದು ಲೈಸೆನ್ಸ್, ಬೇಟೆಗೆ ಒಂದು. ನನ್ನ ಪಾಲಿಗೆ ಬಂದಿರೋದು ಟ್ರ್ಯಾಪಿಂಗ್. ತುಪ್ಪಳಕ್ಕಾಗಿ ನರಿ, ರಕೂನ್, ನೀರುನಾಯಿಗಳನ್ನ ಕಬ್ಬಿಣದ ದವಡೆಯಲ್ಲಿ ಕಾಲು ಸಿಕ್ಕಿಸಿ ಹಿಡಿಯೋರಿಗೆ ಸರ್ಕಾರ ಕೊಡೋ ಪರವಾನಗಿ. ಎರಡು ಸಾವಿರನೇ ಇಸವಿ ಬರೋದರೊಳಗೆ ಹಳೇ ದಾಖಲೆಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಸಾಗಿಸಬೇಕು. ಈರುಳ್ಳಿ ಕೂಡ ಮುಟ್ಟದ ಅಜ್ಜಿಯ ಮೊಮ್ಮಗಳು ಮಾಡೋ ಕೆಲಸ ಇದು.

ನವೆಂಬರ್ 23, ಸೋಮವಾರ

ಹೊಸ ಲೈಸೆನ್ಸ್ ಕಾರ್ಡುಗಳೆಲ್ಲ ಪೋಸ್ಟ್ ಆಗಿ ಮುಗಿದವು. ಹಳೇ ರಟ್ಟಿನ ಕಾರ್ಡು ಈ ತಿಂಗಳಿಂದಲೇ ನಡೆಯಲ್ಲ. ತ್ಯಾಗರಾಜ್ ಸರ್ ಇಡೀ ಟೀಮಿಗೆ ಡೋನಟ್ ತರಿಸಿದರು. ಅವರು ನಮ್ಮ ಪ್ರಾಜೆಕ್ಟ್ ಲೀಡ್, ಬಸವನಗುಡಿಯವರು, ಇಲ್ಲಿಗೆ ಬಂದು ಹದಿನೈದು ವರ್ಷ. ಸರ್ ಅನ್ನಬೇಡಮ್ಮ ಅಂತಾರೆ, ಬಾಯಿಗೆ ಅದೇ ಬರುತ್ತೆ. ಮೊದಲ ಚಳಿಗಾಲದಲ್ಲಿ ನನಗೆ ಕೋಟು ಕೊಡಿಸಿದ್ದು ಅವರ ಹೆಂಡತಿ.

ನಿಯಮಗಳ ಪುಸ್ತಕ ಈಗ ಬಾಯಿಪಾಠ. ಪ್ರತಿ ಟ್ರ್ಯಾಪಿಗೂ ಒಂದು ಲೋಹದ ಚೀಟಿ, ಅದರ ಮೇಲೆ ಮಾಲೀಕನ ಹೆಸರು. ಬೇರೆಯವರ ಜಮೀನಾದರೆ ಬರಹದಲ್ಲಿ ಒಪ್ಪಿಗೆ. ಹಾಕಿದ ಟ್ರ್ಯಾಪನ್ನು ದಿನಕ್ಕೊಮ್ಮೆ ಹೋಗಿ ನೋಡಲೇಬೇಕು. ಸಿಕ್ಕಿಕೊಂಡ ಪ್ರಾಣಿ ದಿನಗಟ್ಟಲೆ ನರಳಬಾರದಂತೆ! ಕೊಲ್ಲೋರಿಗೆ ಎಷ್ಟು ಮರ್ಯಾದೆ. ಒಂದೊಂದು ಹೆಸರು ಸ್ಕ್ರೀನಿನ ಮೇಲೆ ಬಂದಾಗಲೂ ಒಂದು ಮುಖ ಕಲ್ಪಿಸಿಕೊಳ್ಳುತ್ತೇನೆ. ಯಾವುದೂ ಒಳ್ಳೇ ಮುಖ ಅಲ್ಲ.

ಡಿಸೆಂಬರ್ 9, ಬುಧವಾರ

ಕಾಲ್ ಸೆಂಟರ್‌ನಿಂದ ದೂರುಗಳ ಪಟ್ಟಿ ಬಂತು. ಒಂದು ಹೆಸರು ನಾಲ್ಕು ಸಲ ಇತ್ತು. ಕ್ಲೈಡ್ ಪರ್ವಿಸ್. "ಹೊಸ ಕಾರ್ಡು ಬಂದಿಲ್ಲ ಅನ್ನುತ್ತಾರೆ." "ಮತ್ತೆ ಕರೆ ಮಾಡಿದರು." "ಮತ್ತೆ." ನಾಲ್ಕನೇ ಸಲ ಆ ಹುಡುಗಿ ಬರೆದಿದ್ದಳು: "ಸಿಸ್ಟಮ್ ಪ್ರಕಾರ ಅರ್ಹರಲ್ಲ ಎಂದು ತಿಳಿಸಲಾಯಿತು."

ಯಾಕೆ ಅರ್ಹರಲ್ಲ ಅಂತ ದಾಖಲೆ ತೆಗೆದು ನೋಡಿದೆ. ಹುಟ್ಟಿದ ವರ್ಷ 2016.

ಹಳೇ ಕಡತದಲ್ಲಿ ವರ್ಷಕ್ಕೆ ಎರಡೇ ಅಂಕಿ. ಬರೀ 16 ಅಂತಿದ್ದರೆ ಅದು 1916 ಅಥವಾ 2016, ಯಾವುದು ಅಂತ ಪ್ರೋಗ್ರಾಮ್ ತೀರ್ಮಾನಿಸಬೇಕು. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎರಡು ಸಾವಿರ ಸೇರಿಸು ಅಂತ ಬರೆದವಳು ನಾನೇ. ಬೇರೆಲ್ಲ ತಾರೀಖುಗಳಿಗೆ ಅದು ಸರಿ. ಹುಟ್ಟಿದ ದಿನಕ್ಕೂ ಅದನ್ನೇ ಹಾಕಿದ್ದೇನೆ. ಎಂಬತ್ತು ದಾಟಿದೋರು ಈ ಚಳಿಯಲ್ಲಿ ಹಳ್ಳಕ್ಕಿಳಿದು ಟ್ರ್ಯಾಪ್ ಹಾಕುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಹುಡುಕಿದರೆ ಇಂಥವರು ಹನ್ನೊಂದು ಜನ. ಹನ್ನೊಂದು ಜನ ಮುದುಕರು ನನ್ನ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಹುಟ್ಟದವರಿಗೆ ಕಾರ್ಡು ಹೋಗುವುದಿಲ್ಲ.

ಪ್ರಿಂಟ್ ತೆಗೆದುಕೊಂಡು ತ್ಯಾಗರಾಜ್ ಸರ್ ಕೂರೋ ಕ್ಯೂಬಿಕಲ್ಲಿಗೆ ಹೋದೆ. ಅವರು ಎರಡು ಸಲ ಓದಿ, ಕಾಗದ ಮಗುಚಿ ಇಟ್ಟರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸರ್."

"ಹೇಳ್ಬೇಡ. ನಾಳೆ ಮಾತಾಡೋಣ."

ಡಿಸೆಂಬರ್ 10, ಗುರುವಾರ

ಮಾರ್ಚ್‌ನಲ್ಲಿ ರಾಜ್ಯದ ಜೊತೆಗಿನ ಕಾಂಟ್ರಾಕ್ಟ್ ರಿನ್ಯೂ ಆಗಬೇಕು ಅಂದರು ತ್ಯಾಗರಾಜ್ ಸರ್. ಈಗ ತಪ್ಪು ಅಂತ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಇಡೀ ಪ್ರಾಜೆಕ್ಟ್ ಹೋಗುತ್ತೆ. ಜನವರಿ ಎಂಟಕ್ಕೆ ಬರೋ ಪ್ರೋಗ್ರಾಮಿನ ಹೊಸ ರಿಲೀಸ್‌ನಲ್ಲಿ ಬೇರೆ ಐವತ್ತು ಬದಲಾವಣೆಗಳ ಮಧ್ಯೆ ಇದನ್ನೂ ಸೇರಿಸಿಬಿಡೋದು. ಇದು ಮೇಲಿನವರ ತೀರ್ಮಾನ ಅಂದರು.

"ಸರ್, ಸೀಸನ್ ಶುರುವಾಗಿದೆ. ಅವರನ್ನ ವನ್ಯಜೀವಿ ಇಲಾಖೆ ಆಫೀಸರ್ ಯಾರಾದ್ರೂ ಹಿಡಿದ್ರೆ?"

"ಹನ್ನೊಂದು ಜನ ಶೈಲಜಾ. ಅದರಲ್ಲಿ ಅರ್ಧ ಜನ ಹಾಸಿಗೇಲಿರ್ತಾರೆ. ಒಂದು ತಿಂಗಳ ಮಾತು." ಆಮೇಲೆ ಸಣ್ಣ ದನಿಯಲ್ಲಿ, "ನಾನು ಕೆಟ್ಟವನಲ್ಲಮ್ಮ. ನಿನ್ನ ವೀಸಾನೂ ಇದೇ ಪ್ರಾಜೆಕ್ಟ್ ಮೇಲಿದೆ, ನೆನಪಿರಲಿ" ಅಂದರು.

ನನ್ನ ಸೀಟಿಗೆ ವಾಪಸ್ ಬಂದೆ. ಒಂದು ತಿಂಗಳು ಹನ್ನೊಂದು ಜನ ಪ್ರಾಣಿ ಹಿಡಿಯದಿದ್ದರೆ ಲೋಕಕ್ಕೆ ಏನು ನಷ್ಟ ಅಂತ ಮನಸ್ಸು ಹೇಳಿತು. ವೇಣುಗೆ ಹೇಳಿದಾಗ ಅವನೂ ಇದನ್ನೇ ಹೇಳಿದ.

ಡಿಸೆಂಬರ್ 15, ಮಂಗಳವಾರ

ಇವತ್ತು ಆ ಕ್ಲೈಡ್ ಪರ್ವಿಸ್ ಅವರಿಗೆ ಫೋನ್ ಮಾಡಿದೆ. ಊಟದ ಹೊತ್ತಿನಲ್ಲಿ, ಪಾರ್ಕಿಂಗ್ ಲಾಟ್ ಆಚೆಯ ಪೇ ಫೋನಿಂದ.

ತುಂಬ ಹೊತ್ತು ರಿಂಗಾಯಿತು. ಆಮೇಲೆ ಒಂದು ತೆಳು ದನಿ. ನಾನು ಲೈಸೆನ್ಸ್ ಕಂಪ್ಯೂಟರ್ ಕಡೆಯವಳು ಅಂದೆ.

"ಓ ದೇವರೇ, ಕೊನೆಗೂ ಒಬ್ಬರು ಮನುಷ್ಯರು" ಅಂದರು. "ನಿಮ್ಮ ಹೆಸರೇನು ಮ್ಯಾಮ್?"

ಶೈಲಜಾ ಅಂದೆ. ಎರಡು ಸಲ ಪ್ರಯತ್ನಪಟ್ಟು "ಮಿಸ್ ಶೈಲಾ" ಅಂತ ನಿಲ್ಲಿಸಿಕೊಂಡರು.

ಎಂಬತ್ತೆರಡು ವರ್ಷ. ಹದಿನಾಲ್ಕನೇ ವಯಸ್ಸಿನಿಂದ ಟ್ರ್ಯಾಪ್ ಹಾಕುತ್ತಿದ್ದಾರಂತೆ. ಒಂದೇ ಒಂದು ಸಲವೂ ಕೇಸ್ ಆಗಿಲ್ಲ. ಹೊಸ ಕಾರ್ಡು ತಡ ಆಗಿರಬಹುದು ಅಂದುಕೊಂಡು ಹಳೇ ಕಾರ್ಡು ಜೇಬಲ್ಲಿಟ್ಟುಕೊಂಡೇ ಮೂವತ್ನಾಲ್ಕು ಟ್ರ್ಯಾಪ್ ಹಾಕಿದ್ದಾರೆ.

"ಹಳೇ ಕಾರ್ಡು ನಡೆಯಲ್ಲ ಮಿಸ್ಟರ್ ಪರ್ವಿಸ್. ಸಿಸ್ಟಮ್‌ನಲ್ಲಿ ನಿಮ್ಮ ಹೆಸರಿಗೆ ಲೈಸೆನ್ಸ್ ತೋರಿಸ್ತಿಲ್ಲ. ಜನವರಿವರೆಗೂ ನಿಲ್ಲಿಸಿಬಿಡಿ."

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, "ಹಾಕಿರೋ ಟ್ರ್ಯಾಪುಗಳ ಗತಿ? ದಿನಾ ಹೋಗಿ ನೋಡಬೇಕು ಅಂತ ಕಾನೂನಿದೆ. ಈಗ ಹೋದರೆ ಲೈಸೆನ್ಸ್ ಇಲ್ಲ ಅಂತ ಕಾನೂನಿದೆ. ಹೋಗದೆ ಬಿಟ್ಟರೆ ಅದರಲ್ಲಿ ಸಿಕ್ಕಿಕೊಂಡಿರೋದು ನಾಲ್ಕು ದಿನ ಸಾಯುತ್ತೆ. ನಾನೇನು ಮಾಡಬೇಕು ಹೇಳಿ."

"ಎಲ್ಲಾನೂ ಕಿತ್ತುಕೊಂಡು ಬಂದುಬಿಡಿ" ಅಂದೆ.

"ನನ್ನ ಕಾಲಿಗೆ ಮೂರು ದಿನದ ಕೆಲಸ. ಆದರೆ ನೀವು ಹೇಳಿದ್ದು ಸರಿ. ಕಿತ್ತು ತರ್ತೀನಿ." ಥ್ಯಾಂಕ್ಸ್ ಕೂಡ ಹೇಳಿದರು. ನನ್ನ ಮನೆ ನಂಬರ್ ಬರೆದುಕೊಂಡರು, ಒಂದೊಂದೇ ಅಂಕಿ ಓದಿ ಹೇಳುತ್ತಾ.

ತಪ್ಪು ನನ್ನದು ಅಂತ ಮಾತ್ರ ಹೇಳಲಿಲ್ಲ. "ಸಿಸ್ಟಮ್" ಅಂದೆ.

ಡಿಸೆಂಬರ್ 20, ಭಾನುವಾರ

ವೇಣು ನಿನ್ನೆ ಬಂದ, ಇವತ್ತು ಊಟ ಮುಗಿಸಿ ಹೊರಟ. ಮಾರಿಸ್ವಿಲ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ಅಲ್ಲಿ ಎಲ್ಲರ ಹತ್ತಿರ ಚೆನ್ನಾಗಿ ನಗುತ್ತಾ ಮಾತಾಡಿದ. ಕಾರಿನಲ್ಲಿ ರೇಡಿಯೋ ಹಾಕಿಕೊಂಡ.

ಫೋನ್ ಮಾಡಿದ ವಿಷಯ ಹೇಳಬಾರದಿತ್ತು.

"ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ಹೆಸರು, ನಂಬರ್ ಬೇರೆ ಕೊಟ್ಟಿದೀಯ. ಕ್ಲೈಂಟ್‌ಗೆ ಗೊತ್ತಾದ್ರೆ ಎರಡೇ ನಿಮಿಷದಲ್ಲಿ ಹೊರಗೆ ಹಾಕ್ತಾರೆ."

"ಆ ಮನುಷ್ಯಂಗೆ ಗೊತ್ತೇ ಇರ್ಲಿಲ್ಲ ವೇಣು."

"ಯಾವನೋ ನರಿ ಸಾಯ್ಸೋ ಮುದುಕ. ನಿಂಗ್ಯಾಕೆ? ಕೆಲಸ ಹೋದ್ರೆ ಸ್ಟರ್ಲಿಂಗ್‌ಗೆ ಬಂದು ನನ್ನ ಡಿಪೆಂಡೆಂಟ್ ಆಗಿ ಮನೇಲಿ ಕೂತ್ಕೋಬೇಕು, ಅಷ್ಟೇ. ಆಗ ಗೊತ್ತಾಗುತ್ತೆ."

ಹೆದರಿಸುವ ಹಾಗೆ ಹೇಳಿದ. ಹೆಂಡತಿ ತನ್ನ ಮನೆಗೆ ಬಂದು ಇರೋದನ್ನ. ಅವನು ಹೋದ ಮೇಲೆ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅವನ ಕಾಫಿ ಲೋಟ ಸಿಂಕಿನಲ್ಲೇ ಇದೆ.

ಡಿಸೆಂಬರ್ 29, ಮಂಗಳವಾರ

ಬೆಳಿಗ್ಗೆ ಫೋನ್ ಬಂತು. "ಮಿಸ್ ಶೈಲಾ? ಕ್ಲೈಡ್ ಪರ್ವಿಸ್. ತೊಂದರೆ ಕೊಡ್ತಿದೀನಿ, ಕ್ಷಮಿಸಿ."

ನಾನು ಹೇಳಿದ ಹಾಗೆ ಮಾರನೇ ದಿನವೇ ಕೀಳೋಕೆ ಹೋಗಿದ್ದಾರೆ. ಮೊದಲ ದಿನ ಹನ್ನೆರಡು. ಎರಡನೇ ದಿನ ಹೆಗಲ ಮೇಲೆ ಒಂಬತ್ತು ಟ್ರ್ಯಾಪ್ ಹೊತ್ತು ರಸ್ತೆಗೆ ಹತ್ತುವಾಗ ಆಫೀಸರ್ ಜೀಪು ನಿಂತಿತ್ತು. ಹೊಸ ಹುಡುಗ. ರೇಡಿಯೋದಲ್ಲಿ ಹೆಸರು ಕೊಟ್ಟು ಕೇಳಿದ್ದಾನೆ, ಲೈಸೆನ್ಸ್ ಇಲ್ಲ ಅಂತ ಉತ್ತರ ಬಂದಿದೆ. ಟ್ರ್ಯಾಪ್ ಎಲ್ಲ ಜಪ್ತಿ, ನೀರಲ್ಲಿ ಉಳಿದಿದ್ದವು ಕೂಡ. ಶೆಡ್‌ನಲ್ಲಿ ಒಣಗಿಸಿಟ್ಟಿದ್ದ ಚರ್ಮಗಳೂ. ಜನವರಿ ಇಪ್ಪತ್ತೊಂದಕ್ಕೆ ಕೋರ್ಟು.

"ಕೀಳೋಕೆ ಹೋಗಿದ್ದೆ ಅಂದೆ. ನಂಬಲಿಲ್ಲ. ಕಂಪ್ಯೂಟರ್ ಕಡೆಯ ಒಬ್ಬ ಹೆಂಗಸು ಫೋನ್ ಮಾಡಿ ಹೇಳಿದ್ಲು ಅಂದೆ. ಅದನ್ನೂ ನಂಬಲಿಲ್ಲ. ನೀವು ಇದ್ದೀರಿ ತಾನೆ ಅಂತ ನೋಡೋಕೆ ಫೋನ್ ಮಾಡಿದೆ."

ನಾನು ಫೋನ್ ಮಾಡದೇ ಇದ್ದಿದ್ದರೆ ಅವರು ಎಂದಿನ ಹಾಗೆ ಬೆಳಕು ಹರಿಯೋ ಮುಂಚೆ ಹೋಗಿ ಬರ್ತಿದ್ದರು. ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ಜನವರಿ 1, 1999, ಶುಕ್ರವಾರ

ಅಮ್ಮನಿಗೆ ಹೊಸ ವರ್ಷದ ಶುಭಾಶಯ ಹೇಳಿದೆ. ವೇಣು ಫೋನ್ ಎಂಗೇಜ್. ಇಡೀ ದಿನ ಮಲಗಿದ್ದೆ.

ಜನವರಿ 8, ಶುಕ್ರವಾರ

ರಿಲೀಸ್ ಆಯಿತು. ಹನ್ನೊಂದು ಜನರೂ ಹುಟ್ಟಿದರು. ಕ್ಲೈಡ್ ಪರ್ವಿಸ್, 1916, ಲೈಸೆನ್ಸ್ ಚಾಲ್ತಿಯಲ್ಲಿದೆ. ಒಂದು ಕ್ಷಣ ಹಗುರಾಯಿತು.

ಆಮೇಲೆ ಕೆಳಗಿನ ಸಾಲು ನೋಡಿದೆ. ಲೈಸೆನ್ಸ್ ಕೊಟ್ಟ ದಿನಾಂಕ ಜನವರಿ 8, 1999. ಅಂದರೆ ಡಿಸೆಂಬರ್‌ನಲ್ಲಿ ಅವರನ್ನು ಹಿಡಿದ ದಿನ ಲೈಸೆನ್ಸ್ ಇರಲಿಲ್ಲ ಅಂತ ಈಗ ದಾಖಲೆಯೇ ಸಾಕ್ಷಿ ಹೇಳುತ್ತೆ. ನಾನು ಸರಿಮಾಡಿದ್ದೇ ಅವರಿಗೆ ಉರುಲಾಯಿತು.

"ಸರ್, ಒಂದು ಪತ್ರ ಕೊಡಿ ಸಾಕು. ಇದು ನಮ್ಮ ತಪ್ಪು ಅಂತ ಒಂದೇ ಸಾಲು."

ತ್ಯಾಗರಾಜ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಆಗಲ್ಲಮ್ಮ."

"ನಾನೇ ಹೋಗಿ ಹೇಳಿದ್ರೆ?"

"ನಂಗೆ ಗೊತ್ತಿಲ್ಲದ ಹಾಗೆ ಹೋಗು" ಅಂದರು. ಅದು ಬುದ್ಧಿಮಾತೋ ಅನುಮತಿಯೋ ತಿಳಿಯಲಿಲ್ಲ.

ಜನವರಿ 21, ಗುರುವಾರ

ಹೋಗಿದ್ದೆ.

ಬೆಳಿಗ್ಗೆ ಆರಕ್ಕೆ ಹೊರಟೆ. ಎರಡೂವರೆ ಗಂಟೆ ದಾರಿ, ಎರಡೂ ಕಡೆ ಕಿತ್ತುಹಾಕಿದ ಹೊಗೆಸೊಪ್ಪಿನ ಹೊಲ, ಮಂಜು. ಬ್ಯಾಗಿನಲ್ಲಿ ಆರು ಹಾಳೆ ಇತ್ತು. ನಾನು ಬರೆದ ಪ್ರೋಗ್ರಾಮಿನ ಪುಟ, ಹನ್ನೊಂದು ಹೆಸರು, ಹಳೇ ದಾಖಲೆ, ಹೊಸ ದಾಖಲೆ. ಆಫೀಸಿನಿಂದ ಒಂದು ಕಾಗದವನ್ನೂ ಹೊರಗೆ ಒಯ್ಯಲ್ಲ ಅಂತ ಸೇರುವಾಗಲೇ ಸಹಿ ಹಾಕಿಕೊಟ್ಟಿದ್ದೇನೆ.

ಕೋರ್ಟಿನ ಬೆಂಚಿನ ಮೇಲೆ ಅವರನ್ನು ಗುರುತಿಸಿದೆ. ಬೇರೆಲ್ಲ ಹುಡುಗರು, ಕುಡಿದು ಗಾಡಿ ಓಡಿಸಿದೋರು. ಮೂಲೆಯಲ್ಲಿ ಕಂದು ಸೂಟು ಹಾಕಿದ, ಕುತ್ತಿಗೆ ಶರ್ಟಿನ ಕಾಲರಿನೊಳಗೆ ಓಲಾಡುತ್ತಿದ್ದ ಮುದುಕರು. ಕೈ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನಾನು ಕಲ್ಪಿಸಿಕೊಂಡ ಯಾವ ಮುಖವೂ ಅದಲ್ಲ.

"ಮಿಸ್ ಶೈಲಾ, ನೀವು ನಿಜವಾಗ್ಲೂ ಇದ್ದೀರಿ" ಅಂದರು.

ಜಡ್ಜ್ ಹಾಳೆಗಳನ್ನು ತಿರುವಿ ಹಾಕಿ, ಇದನ್ನ ಬಾಯಲ್ಲಿ ಹೇಳಿ ಅಂದರು. ಎರಡು ಅಂಕಿ, ನಾಲ್ಕು ಅಂಕಿ ಎಲ್ಲ ಹೇಳಿದೆ. ನನ್ನ ಇಂಗ್ಲಿಷು ನನಗೇ ಕೇಳಿಸುತ್ತಿರಲಿಲ್ಲ.

"ಅಂದರೆ ನಿಮ್ಮ ಯಂತ್ರದ ಪ್ರಕಾರ, ಆಫೀಸರ್ ಹಿಡಿದ ದಿನ ಮಿಸ್ಟರ್ ಪರ್ವಿಸ್‌ಗೆ ಎಷ್ಟು ವಯಸ್ಸು?"

"ಮೈನಸ್ ಹದಿನೆಂಟು, ಸರ್."

ಇಡೀ ಕೋರ್ಟು ನಕ್ಕಿತು. ಜಡ್ಜೂ ನಕ್ಕರು, ಆ ಹೊಸ ಹುಡುಗ ಆಫೀಸರ್ ಕೂಡ ತಲೆ ತಗ್ಗಿಸಿ ನಕ್ಕ. ಮಿಸ್ಟರ್ ಪರ್ವಿಸ್ ನಗಲಿಲ್ಲ. ನನ್ನ ಕಡೆ ನೋಡುತ್ತಿದ್ದರು.

"ಈ ತಪ್ಪು ಯಾರದು?"

"ನನ್ನದು" ಅಂದೆ. ಅದೊಂದು ಮಾತು ಮಾತ್ರ ಸ್ಪಷ್ಟವಾಗಿ ಬಂತು.

ಕೇಸು ವಜಾ. ಟ್ರ್ಯಾಪ್ ವಾಪಸ್ ಕೊಡಬೇಕು. ಚರ್ಮಗಳು ಜಪ್ತಿಯ ಕೋಣೆಯಲ್ಲಿ ಕೊಳೆತು ಎಸೆದಾಗಿತ್ತಂತೆ. ಹೊರಗೆ ಮೆಟ್ಟಿಲ ಮೇಲೆ ಮಿಸ್ಟರ್ ಪರ್ವಿಸ್ ಹ್ಯಾಟು ತೆಗೆದು, "ನಿಮಗೆ ತೊಂದರೆ ಆಗುತ್ತೆ ಅಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

ಜನವರಿ 25, ಸೋಮವಾರ

ಕೋರ್ಟಿನ ಸುದ್ದಿ ಮೇಲಿನವರಿಗೆ ಮುಟ್ಟಿತ್ತು. ಹತ್ತು ಗಂಟೆಗೆ ಕರೆದರು, ಹತ್ತೂಕಾಲಿಗೆ ನನ್ನ ಕೆಲಸ ಮುಗಿಯಿತು. ಊಟದ ಡಬ್ಬಿ, ಪಾರ್ಕರ್ ಪೆನ್ನು, ಅಮ್ಮ ಕೊಟ್ಟ ಸಣ್ಣ ಗಣಪತಿ, ಎಲ್ಲ ಒಂದು ಶೂ ಬಾಕ್ಸಿನಲ್ಲಿ ಹಿಡಿಯಿತು. ತ್ಯಾಗರಾಜ್ ಸರ್ ಲಿಫ್ಟಿನವರೆಗೂ ಬಂದರು. ಬಾಗಿಲು ಮುಚ್ಚೋ ಮುಂಚೆ ಒಂದು ಚೀಟಿ ಕೈಗಿಟ್ಟರು. ಡುಲುತ್‌ನಲ್ಲಿ ಸೋಮಲಿಂಗಪ್ಪ ಅಂತ ಒಬ್ಬರು, ಅಟ್ಲಾಂಟಾ ಕಡೆ ಸಣ್ಣ ಕನ್ಸಲ್ಟಿಂಗ್ ಕಂಪನಿ. ವೀಸಾ ಬೇಗ ಟ್ರಾನ್ಸ್‌ಫರ್ ಮಾಡಿಸುತ್ತಾರಂತೆ.

ವೇಣು "ನಾನು ಹೇಳಿರ್ಲಿಲ್ವಾ?" ಅಂದ. ಆಮೇಲೆ, "ಸರಿ, ಪ್ಯಾಕ್ ಮಾಡ್ಕೋ. ಡಿಪೆಂಡೆಂಟ್ ಪೇಪರ್ಸ್ ಹಾಕ್ತೀನಿ" ಅಂದ. ಅವನ ನಿಟ್ಟುಸಿರು ಇಲ್ಲಿಯವರೆಗೂ ಕೇಳಿಸಿತು.

ಸೋಮಲಿಂಗಪ್ಪನವರಿಗೆ ಫೋನ್ ಮಾಡಿದೆ. "ಬರ್ರೀ ತಂಗಿ, ಒಂಬತ್ತನೇ ತಾರೀಕು ಮಂಗಳವಾರ ಇಂಟರ್‌ವ್ಯೂ ಇಟ್ಕೊಳ್ಳೋಣು" ಅಂದರು. ಧಾರವಾಡದ ಮಾತು ಕೇಳಿ ಎಷ್ಟು ದಿನ ಆಗಿತ್ತು.

ಫೆಬ್ರವರಿ 6, ಶನಿವಾರ

ಊರು ಬಿಡೋ ಮುಂಚೆ ಒಂದು ಸಲ ಬನ್ನಿ ಅಂತ ಮಿಸ್ಟರ್ ಪರ್ವಿಸ್ ಕರೆದಿದ್ದರು. ಬೆಳಿಗ್ಗೆ ಎಂಟಕ್ಕೆ ಅವರ ಮನೆ ಮುಂದಿದ್ದೆ. ಮನೆಯೊಳಗೆ ಎರಡು ಕುರ್ಚಿ, ಒಂದರ ಮೇಲೆ ಹೆಣ್ಣುಮಕ್ಕಳ ಸ್ವೆಟರ್ ಮಡಚಿ ಇಟ್ಟಿತ್ತು. ಹೆಂಡತಿ ಎಡ್ನಾ ಹೋದ ಜುಲೈನಲ್ಲಿ ತೀರಿಕೊಂಡರಂತೆ.

ಮೂವತ್ನಾಲ್ಕರಲ್ಲಿ ಆರೇ ಟ್ರ್ಯಾಪ್ ಹಾಕಿದ್ದರು. ನೋಡೋಕೆ ಹೋಗ್ತಿದೀನಿ, ಬೇಕಾದರೆ ಬನ್ನಿ, ಬೇಡ ಅಂದರೆ ಇಲ್ಲೇ ಬಿಸಿ ಇದೆ ಅಂದರು. ಯಾಕೆ ಹೋದೆ ಗೊತ್ತಿಲ್ಲ. ನಾನು ವಾಪಸ್ ಕೊಡಿಸಿದ್ದು ಏನನ್ನ ಅಂತ ನೋಡಬೇಕಿತ್ತೇನೋ.

ಮೊದಲ ಎರಡು ಖಾಲಿ. ಮೂರನೆಯದರಲ್ಲಿ ಒಂದು ಬೂದು ನರಿ ಇತ್ತು, ಬದುಕಿತ್ತು. ಮುಂಗಾಲು ಕಬ್ಬಿಣದಲ್ಲಿ. ಸುತ್ತಲೂ ಮಣ್ಣನ್ನೆಲ್ಲ ಕೆರೆದು ಹಾಕಿತ್ತು. ನಮ್ಮನ್ನು ನೋಡಿ ಚೀರಲಿಲ್ಲ, ನೆಲಕ್ಕೆ ಅಂಟಿಕೊಂಡು ನಡುಗಿತು. ಬಿಟ್ಟುಬಿಡಿ ಅಂತ ಹೇಳಬೇಕು ಅಂದುಕೊಂಡೆ. ಕಾಲು ನೋಡಿದೆ. ಬಿಡುವ ಹಾಗಿರಲಿಲ್ಲ.

ಅವರು ಸಣ್ಣ ಕೋವಿ ಎತ್ತಿದರು. ನಳಿಗೆ ಗಾಳಿಗೆ ಸಿಕ್ಕ ಕಡ್ಡಿಯ ಹಾಗೆ ಅಲ್ಲಾಡುತ್ತಿತ್ತು. ಇಳಿಸಿದರು. ಮತ್ತೆ ಎತ್ತಿದರು. ಗುಂಡು ಹಾರಿತು, ನರಿಯ ಭುಜಕ್ಕೆ ತಗುಲಿತು. ಆಗ ಅದು ಚೀರಿತು. ನಾನು ಕಿವಿ ಮುಚ್ಚಿಕೊಂಡೆ.

"ಮಿಸ್ ಶೈಲಾ." ಅವರ ಮುಖ ಬಿಳಿಚಿತ್ತು. "ಹೋದ ಮೂರು ಚಳಿಗಾಲ ಎಡ್ನಾ ಬಂದು ನನ್ನ ಮೊಣಕೈ ಹಿಡಿದುಕೊಳ್ತಿದ್ದಳು. ಈ ಸಲ ಡಿಸೆಂಬರ್‌ನಲ್ಲಿ ಹಾಕಿದ್ದು ಹೆಚ್ಚಾಗಿ ನೀರಿನ ಟ್ರ್ಯಾಪು, ಸಿಕ್ಕಿದ್ದೆಲ್ಲ ಮುಳುಗಿ ಸತ್ತೇ ಇರ್ತಿತ್ತು. ನಾನೊಬ್ಬನೇ ಆಗುತ್ತೆ ಅಂದುಕೊಂಡಿದ್ದೆ." ಆಮೇಲೆ ಕೇಳಿದರು, "ಹಿಡೀತೀರಾ?"

ಹಿಡಿದೆ.

ಒಂದೇ ಸದ್ದು. ನರಿ ಸುಮ್ಮನಾಯಿತು. ನಾನು ಪೊದೆಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬಂದು ನೋಡಿದರೆ ಅವರು ನರಿಯ ಪಕ್ಕ ಮೊಣಕಾಲೂರಿ ಕೂತು ಅದರ ಕಾಲನ್ನು ಬಿಡಿಸುತ್ತಿದ್ದರು, ಮಲಗಿದ ಮಗುವಿನ ಕೈಯಿಂದ ಆಟದ ಸಾಮಾನು ಬಿಡಿಸುವ ಹಾಗೆ. ಚರ್ಮ ಸುಲಿಯಲಿಲ್ಲ. ಅಲ್ಲೇ ಗುಂಡಿ ತೋಡಿದೆವು. ಹೆಚ್ಚಿಗೆ ತೋಡಿದ್ದು ನಾನೇ.

ಆಮೇಲೆ ಉಳಿದ ಐದನ್ನೂ ಕಿತ್ತರು. "ಇಷ್ಟೇ" ಅಂದರು. "ಯಾರೋ ನಿಲ್ಲಿಸಿದರು ಅಂತ ನಿಲ್ಲಿಸೋದು ಬೇಡ ಅನ್ನಿಸಿತ್ತು." ಜೇಬಿನಿಂದ ಹೊಸ ಕಾರ್ಡು ತೆಗೆದು ಕೊಟ್ಟು, ನನ್ನ ಹೆಸರು ಕಂಪ್ಯೂಟರಿನಿಂದ ತೆಗೆದುಬಿಡಿ ಅಂದರು. ನನಗೆ ಈಗ ಆ ಕಂಪ್ಯೂಟರ್ ಮುಟ್ಟೋಕೆ ಬಿಡಲ್ಲ ಅಂದೆ. ತಲೆಯಾಡಿಸಿ ಮತ್ತೆ ಜೇಬಿಗೆ ಹಾಕಿಕೊಂಡರು. ಆರೂ ಟ್ರ್ಯಾಪನ್ನು ನಾನು ಹೊತ್ತೆ. ದಿಬ್ಬ ಹತ್ತುವಾಗ ಅವರು ಎರಡು ಕಡೆ ನಿಂತರು.

ನಾಳೆ ವೇಣು ಟ್ರಕ್ ತರುತ್ತೇನೆ ಅಂತ ಮೆಸೇಜ್ ಬಿಟ್ಟಿದ್ದಾನೆ, ಸಾಮಾನು ಸ್ಟರ್ಲಿಂಗ್‌ಗೆ ಸಾಗಿಸೋಕೆ. ಬೇಡ ಅಂತ ಹೇಳಬೇಕು. ನನ್ನ ಸಾಮಾನು ಕೊರೋಲಾದಲ್ಲೇ ಹಿಡಿಯುತ್ತೆ, ಡುಲುತ್ ಆರು ಗಂಟೆ ದಾರಿ.

ಎರಡು ಸಲ ಸ್ನಾನ ಮಾಡಿದೆ. ಆ ಸದ್ದು ಹೋಗಿಲ್ಲ. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ನೆನಪಾಗುತ್ತಿದೆ. ಅವರ ಕೋಟು ದಪ್ಪ, ತೋಳು ಅಗಲ. ಹಿಡಿಯೋಕೆ ಹೋದಾಗ ಮೊದಲು ಕೈಗೆ ಬರೀ ಬಟ್ಟೆ ಬಂತು. ಮೊಣಕೈಯನ್ನು ಒಳಗೆ ಹುಡುಕಬೇಕಾಯಿತು.